ಎಕ್ಸಲರೇಟರ್ ಒತ್ತಿದಂತೆ ಸ್ಪೀಕರ್‌ನಲ್ಲಿ ಏರುವ ಕೂಗು: ಡೈನಮೊ ಬಿಚ್ಚಿಸುವ ಮೊದಲು

ಪ್ರಶ್ನೆ: ನಾನು ಮಂಡ್ಯದವನು. ಕೆಲಸದ ನಿಮಿತ್ತ ದಿನವೂ ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಹೋಗಿ ಬರುತ್ತೇನೆ. 2014ರಲ್ಲಿ ಕೊಂಡ ನನ್ನ ಪೆಟ್ರೋಲ್ ಕಾರಿಗೆ ಎರಡು ತಿಂಗಳ ಹಿಂದೆ ಹಳೆಯ ಸ್ಟೀರಿಯೊ ತೆಗೆಸಿ 9 ಇಂಚಿನ ಆಂಡ್ರಾಯ್ಡ್ ಸ್ಕ್ರೀನ್, ಡಿಕ್ಕಿಯಲ್ಲಿ ನಾಲ್ಕು ಚಾನೆಲ್‌ನ ಆಂಪ್ಲಿಫೈಯರ್, ಮುಂದಿನ ಬಾಗಿಲುಗಳಿಗೆ ಹೊಸ ಸ್ಪೀಕರ್ ಮತ್ತು ಹಿಂದೆ ರಿವರ್ಸ್ ಕ್ಯಾಮೆರಾ ಹಾಕಿಸಿದೆ. ಅಂದಿನಿಂದ ಎಂಜಿನ್ ಸ್ಟಾರ್ಟ್ ಮಾಡಿದೊಡನೆ ನಾಲ್ಕೂ ಸ್ಪೀಕರ್‌ಗಳಲ್ಲಿ ‘ಕುಂಯ್’ ಎಂಬ ಕೂಗು ಬರುತ್ತದೆ. ಎಕ್ಸಲರೇಟರ್ ಒತ್ತಿದಂತೆ ಅದರ ಸ್ವರ ಮೇಲೇರುತ್ತದೆ. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಅದು ನಿಲ್ಲುವುದಿಲ್ಲ. ಎಂಜಿನ್ ಆಫ್ ಮಾಡಿ ಸ್ಟೀರಿಯೊ ಒಂದನ್ನೇ ಹಾಕಿದರೆ ಕೂಗು ಹೋಗಿ ಸಣ್ಣಗೆ ‘ಸ್ಸ್’ ಎಂದು ಕೇಳುತ್ತಿರುತ್ತದೆ. ಫೋನನ್ನು ಕಾರಿನ ಚಾರ್ಜರ್‌ಗೆ ಹಾಕಿ ಆಕ್ಸ್ ವೈರ್‌ನಲ್ಲಿ ಹಾಡು ಕೇಳಿದರೆ ಗಲಾಟೆ ಇಮ್ಮಡಿಯಾಗುತ್ತದೆ. ಇದಲ್ಲದೆ ಎಡಬಾಗಿಲಿನ ಸ್ಪೀಕರ್ ಹಳ್ಳದಿಣ್ಣೆಗಳಲ್ಲಿ ಕರಕರ ಎನ್ನುತ್ತದೆ. ಹಾಕಿಕೊಟ್ಟ ಅಂಗಡಿಯವರು ಡೈನಮೊ ಹಾಳಾಗಿದೆ, ಬದಲಿಸಿ ಎನ್ನುತ್ತಾರೆ. ಇನ್ನೊಬ್ಬರು ಬ್ಯಾಟರಿ ಎಂದರು, ಮತ್ತೊಬ್ಬರು ನಾಯ್ಸ್ ಫಿಲ್ಟರ್ ಹಾಕಿದರೆ ಸಾಕು ಎಂದರು. ಯಾರ ಮಾತು ಕೇಳಲಿ? ಹೀಗೆಯೇ ಓಡಿಸುತ್ತಿದ್ದರೆ ವೈರಿಂಗ್‌ಗೆ ಬೆಂಕಿ ಹತ್ತುವ ಅಪಾಯವಿದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದವು ಒಂದು ವಾರ ಕಾಯಬಹುದು, ಇದು ಕಾಯಬಾರದು. ಸ್ಪೀಕರ್‌ನ ಕೂಗಿನಿಂದ ಬೆಂಕಿ ಹತ್ತುವುದಿಲ್ಲ. ಆದರೆ ಆಂಪ್ಲಿಫೈಯರ್‌ಗೆ ಬ್ಯಾಟರಿಯಿಂದ ನೇರವಾಗಿ ಎಳೆದಿರುವ ದಪ್ಪ ಪಾಸಿಟಿವ್ ವೈರ್‌ಗೆ ಬ್ಯಾಟರಿಯ ಹತ್ತಿರವೇ, ಅಂದರೆ ಒಂದೂವರೆ ಅಡಿಯೊಳಗೆ ಫ್ಯೂಸ್ ಇಲ್ಲದಿದ್ದರೆ ಅದು ನಿಜವಾದ ಅಪಾಯ. ಆ ವೈರ್ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡನ್ನು ದಾಟುವಲ್ಲಿ ರಬ್ಬರ್ ಬುಷ್ ಇಲ್ಲದೆ ಉಜ್ಜಿ ಸಿಪ್ಪೆ ಸವೆದರೆ ಬ್ಯಾಟರಿಯ ಪೂರ್ಣ ಶಕ್ತಿ ಕಾರಿನ ಲೋಹದ ಬಾಡಿಗೆ ಶಾರ್ಟ್ ಆಗುತ್ತದೆ. ಆಂಪ್‌ನ ಪಕ್ಕದಲ್ಲಿ ಡಿಕ್ಕಿಯಲ್ಲಿರುವ ಫ್ಯೂಸ್ ಆಗ ಯಾವ ಸಹಾಯಕ್ಕೂ ಬರುವುದಿಲ್ಲ. ಆದುದರಿಂದ ಇಂದೇ ಬಾನೆಟ್ ಎತ್ತಿ ಈ ಎರಡನ್ನೂ ನೋಡಿ. ಫ್ಯೂಸ್ ಇಲ್ಲದಿದ್ದರೆ ಅದನ್ನು ಹಾಕಿಸುವವರೆಗೆ ಆ ವೈರನ್ನು ಬ್ಯಾಟರಿಯಿಂದ ಕಳಚಿ, ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿಡಿ.

ಇನ್ನು ಸದ್ದಿನ ವಿಷಯ. ನೀವು ಇದನ್ನು ಒಂದೇ ತೊಂದರೆ ಎಂದು ಭಾವಿಸಿದ್ದೀರಿ. ನಿಮಗೆ ಸಲಹೆ ಕೊಟ್ಟ ಮೂವರೂ ಹಾಗೆಯೇ ಭಾವಿಸಿದ್ದಾರೆ. ನಿಮ್ಮ ಪತ್ರವನ್ನು ಎರಡು ಬಾರಿ ಓದಿದ ಮೇಲೆ ನನಗೆ ಕಾಣುವುದು ನಾಲ್ಕು ಬೇರೆ ಬೇರೆ ಸದ್ದುಗಳು, ನಾಲ್ಕಕ್ಕೂ ಬೇರೆ ಬೇರೆ ಕಾರಣಗಳು. ಎಂಜಿನ್ ವೇಗದೊಂದಿಗೆ ಏರುವ ಕೂಗು ಒಂದು, ಎಂಜಿನ್ ನಿಂತಾಗಲೂ ಉಳಿಯುವ ‘ಸ್ಸ್’ ಎರಡನೆಯದು, ಫೋನ್ ಚಾರ್ಜಿಗೆ ಹಾಕಿದಾಗ ಸೇರಿಕೊಳ್ಳುವುದು ಮೂರನೆಯದು, ಎಡಬಾಗಿಲಿನ ಕರಕರ ನಾಲ್ಕನೆಯದು. ಒಂದು ಬಿಡಿಭಾಗ ಬದಲಿಸಿ ನಾಲ್ಕನ್ನೂ ನಿಲ್ಲಿಸಲು ಹೊರಟರೆ ದುಡ್ಡು ಹೋಗುತ್ತದೆ, ಸದ್ದು ಉಳಿಯುತ್ತದೆ. ಮೈಸೂರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ವಾಹನಗಳ ವೈರಿಂಗ್ ಕೆಲಸ ಮಾಡುತ್ತಿರುವ ನನ್ನ ಬಳಿಗೆ, ಹೊಸ ಡೈನಮೊ ಹಾಕಿಸಿಕೊಂಡೂ ಅದೇ ಕೂಗಿನೊಂದಿಗೆ ಬಂದ ಕಾರುಗಳು ಅನೇಕ.

ಡೈನಮೊ ಮೇಲಿನ ಆರೋಪ ಏಕೆ ನಂಬುವಂತೆ ಕೇಳಿಸುತ್ತದೆ ಎಂಬುದನ್ನು ಮೊದಲು ನೋಡೋಣ. ನಾವು ಡೈನಮೊ ಎನ್ನುವ ಆಲ್ಟರ್ನೇಟರ್ ಉತ್ಪಾದಿಸುವುದು ಮೂರು ಫೇಸ್‌ನ ಎಸಿ ವಿದ್ಯುತ್ತನ್ನು. ಅದರೊಳಗಿನ ಆರು ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ. ಹಾಗೆ ಮಾಡಿದ ಡಿಸಿ ಪೂರ್ತಿ ಸಮತಟ್ಟಾಗಿರುವುದಿಲ್ಲ, ಅದರ ಮೇಲೆ ಸಣ್ಣ ಅಲೆಗಳು ಉಳಿದುಕೊಳ್ಳುತ್ತವೆ. ಎಂಜಿನ್ ಐಡಲಿಂಗ್‌ನಲ್ಲಿ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದು ಪುಲ್ಲಿಯ ಅಳತೆಯಿಂದಾಗಿ ಆಲ್ಟರ್ನೇಟರ್ ಅದರ ಮೂರು ಪಟ್ಟು, ಅಂದರೆ 2400 ಸುತ್ತು ತಿರುಗುತ್ತದೆ ಎಂದುಕೊಳ್ಳಿ. 12 ಧ್ರುವಗಳ ಆಲ್ಟರ್ನೇಟರ್ ಆದರೆ ಆ ಅಲೆಗಳ ಸಂಖ್ಯೆ ಸೆಕೆಂಡಿಗೆ 1440 ಆಗುತ್ತದೆ. ಎಂಜಿನ್ 2400 ಸುತ್ತಿಗೆ ಏರಿದಾಗ ಅದು 4320ಕ್ಕೆ ಹೋಗುತ್ತದೆ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿ ಕೇಳುವ ವ್ಯಾಪ್ತಿ ಇದೇ ಆಗಿರುವುದರಿಂದ, ಎಕ್ಸಲರೇಟರ್ ಒತ್ತಿದಂತೆ ಸ್ವರ ಏರುವುದು ನಿಮಗೆ ಸ್ಪಷ್ಟವಾಗಿ ಕೇಳುತ್ತದೆ. ಸದ್ದು ಹುಟ್ಟುವುದು ಡೈನಮೊದಲ್ಲಿ ಎಂಬುದು ಹೀಗೆ ನಿಜ. ಆದರೆ ಈ ಅಲೆಗಳು ಹೊಚ್ಚ ಹೊಸ ಕಾರಿನ ಆರೋಗ್ಯವಾದ ಡೈನಮೊದಲ್ಲಿಯೂ ಇರುತ್ತವೆ, ನಿಮ್ಮ ಹಳೆಯ ಸ್ಟೀರಿಯೊ ಇದ್ದಾಗಲೂ ಇದ್ದವು. ಆಗ ಅವು ಸ್ಪೀಕರ್ ತಲುಪುತ್ತಿರಲಿಲ್ಲ, ಈಗ ತಲುಪುತ್ತಿವೆ. ಅವಕ್ಕೆ ದಾರಿ ಎಲ್ಲಿ ತೆರೆದುಕೊಂಡಿತು ಎಂಬುದನ್ನೇ ನಾವು ಹುಡುಕಬೇಕು.

ಆದರೂ ಡೈನಮೊವನ್ನು ಪರೀಕ್ಷಿಸದೆ ಬಿಡಬೇಕಾಗಿಲ್ಲ. ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ ಬೆಳಿಗ್ಗೆ 12.6 ವೋಲ್ಟ್‌ನ ಆಸುಪಾಸು ಇರಬೇಕು. ಎಂಜಿನ್ ಓಡುವಾಗ ಅದು 13.8ರಿಂದ 14.4ರವರೆಗೆ ಏರಬೇಕು. ಅನಂತರ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಹೆಡ್‌ಲೈಟ್ ಮತ್ತು ಬ್ಲೋಯರ್ ಹಾಕಿ, ಬ್ಯಾಟರಿಯ ಅವೇ ಎರಡು ತುದಿಗಳಲ್ಲಿ ಅಳೆಯಿರಿ. 0.1 ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಡಯೋಡ್‌ಗಳು ಚೆನ್ನಾಗಿವೆ ಎಂದು ತಿಳಿಯಬಹುದು; 0.5 ವೋಲ್ಟ್ ದಾಟಿದರೆ ಒಂದು ಡಯೋಡ್ ಹೋಗಿರುವ ಸಾಧ್ಯತೆ ಬಲವಾಗಿದೆ, ಆಗ ಅಂಗಡಿಯವರ ಮಾತಿಗೆ ಬೆಲೆ ಬರುತ್ತದೆ. ಬ್ಯಾಟರಿಯ ಬಗ್ಗೆಯೂ ಹೀಗೆಯೇ. ಬಲಹೀನ ಬ್ಯಾಟರಿ ಅಲೆಗಳನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ ಎಂಬುದು ಸತ್ಯ. ಆದರೆ ಬೆಳಿಗ್ಗೆ ತಡವರಿಸದೆ ಸ್ಟಾರ್ಟ್ ಆಗುವ ಕಾರಿನಲ್ಲಿ ಬ್ಯಾಟರಿ ಬದಲಿಸಿ ಕೂಗು ಹೋದುದನ್ನು ನಾನು ಕಂಡಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದ ಮಾತು, ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಕೂಗು ನಿಲ್ಲುವುದಿಲ್ಲ ಎಂಬುದು. ಸದ್ದು ವಾಲ್ಯೂಮ್‌ನೊಂದಿಗೆ ಏರಿಳಿಯುತ್ತಿದ್ದರೆ ಅದು ಸ್ಟೀರಿಯೊದ ಒಳಗೆ ಅಥವಾ ಅದಕ್ಕಿಂತ ಮೊದಲೇ ಸೇರಿಕೊಂಡಿದೆ ಎಂದರ್ಥ. ನಿಮ್ಮದು ಏರಿಳಿಯುವುದಿಲ್ಲವಾದ್ದರಿಂದ ಅದು ವಾಲ್ಯೂಮ್‌ನ ಹಂತ ದಾಟಿದ ಮೇಲೆ, ಎಂದರೆ ಹಾಡಿನ ಸಿಗ್ನಲನ್ನು ಸ್ಟೀರಿಯೊದಿಂದ ಡಿಕ್ಕಿಯ ಆಂಪ್‌ವರೆಗೆ ಒಯ್ಯುವ ಆರ್‌ಸಿಎ ಕೇಬಲ್‌ನಲ್ಲಿ ಅಥವಾ ಆಂಪ್‌ನ ಅರ್ತಿಂಗ್‌ನಲ್ಲಿ ಸೇರುತ್ತಿದೆ. ಇದರ ಅತ್ಯಂತ ಸಾಮಾನ್ಯ ಕಾರಣವನ್ನು ನಮ್ಮ ಕೆಲಸದಲ್ಲಿ ಗ್ರೌಂಡ್ ಲೂಪ್ ಎನ್ನುತ್ತಾರೆ.

ಕಾರಿನ ಬಾಡಿ ಪೂರ್ತಿ ನೆಗೆಟಿವ್ ಆಗಿರುವುದರಿಂದ ಎಲ್ಲಿ ಅರ್ತ್ ಕೊಟ್ಟರೂ ಒಂದೇ ಎಂಬುದು ನಮ್ಮವರಲ್ಲಿ ಬಲವಾಗಿ ಬೇರೂರಿರುವ ನಂಬಿಕೆ. ಮಂಡ್ಯದವರಿಗೆ ನಾಲೆಯ ಉದಾಹರಣೆ ಹೇಳಬಹುದು: ಒಂದೇ ನಾಲೆಯಾದರೂ ತೂಬಿನ ಬಳಿ ಇರುವ ನೀರಿನ ಮಟ್ಟ ಕೊನೆಯ ಗದ್ದೆಯ ಬಳಿ ಇರುವುದಿಲ್ಲ. ಸ್ಟೀರಿಯೊಗೆ ಡ್ಯಾಶ್‌ಬೋರ್ಡ್‌ನ ಹಿಂದೆ ಒಂದು ಕಡೆ ಅರ್ತ್, ಆಂಪ್‌ಗೆ ಡಿಕ್ಕಿಯಲ್ಲಿ ಇನ್ನೊಂದು ಕಡೆ ಅರ್ತ್. ಡಿಕ್ಕಿಯ ಸ್ಕ್ರೂ ಪೇಂಟಿನ ಮೇಲೆಯೇ ಕೂತಿದ್ದು ಅಲ್ಲಿ ಕೇವಲ 0.02 ಓಮ್ ರೋಧವಿದೆ ಎನ್ನೋಣ. ಆಂಪ್ 10 ಆಂಪಿಯರ್ ಎಳೆದಾಗ ಅಲ್ಲಿ 0.2 ವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ. ಈ ಎರಡು ಅರ್ತ್‌ಗಳನ್ನೂ ಆರ್‌ಸಿಎ ಕೇಬಲ್‌ನ ಹೊರಜಾಲರಿ ತನಗರಿವಿಲ್ಲದೆ ಜೋಡಿಸಿರುತ್ತದೆ. ವ್ಯತ್ಯಾಸದ ವಿದ್ಯುತ್ತು, ಡೈನಮೊದ ಅಲೆಗಳ ಸಮೇತ, ಆ ಜಾಲರಿಯಲ್ಲಿ ಹರಿಯತೊಡಗುತ್ತದೆ. ಆಂಪ್ ಅದನ್ನು ಸಂಗೀತವೆಂದೇ ತಿಳಿದು ವರ್ಧಿಸಿ ಸ್ಪೀಕರ್‌ಗೆ ಕಳುಹಿಸುತ್ತದೆ. ಗೇನ್, ಅಂದರೆ ಸ್ಟೀರಿಯೊದ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಪು, ಪೂರ್ತಿ ಏರಿಸಿಟ್ಟ ಅನೇಕ ಆಂಪ್‌ಗಳು 0.2 ವೋಲ್ಟ್ ಸಿಗ್ನಲ್‌ಗೇ ತಮ್ಮ ಪೂರ್ಣ ಶಕ್ತಿ ಹೊರಹಾಕುತ್ತವೆ ಎಂಬುದನ್ನು ನೆನಪಿಟ್ಟರೆ, ಅದರ ನೂರರಲ್ಲೊಂದು ಪಾಲು ವ್ಯತ್ಯಾಸವೂ ಏಕೆ ಕಿವಿಗೆ ಬೀಳುತ್ತದೆ ಎಂಬುದು ತಿಳಿಯುತ್ತದೆ.

ಪರೀಕ್ಷೆ ಹೀಗಿರಲಿ. ಸ್ಟೀರಿಯೊ ಆಫ್ ಮಾಡಿ, ಆಂಪ್‌ನ ದೀಪ ಆರಿರುವುದನ್ನು ಖಚಿತಪಡಿಸಿಕೊಂಡು, ಆಂಪ್‌ನ ಕಡೆಯಿಂದ ಆರ್‌ಸಿಎ ಪಿನ್‌ಗಳನ್ನೆಲ್ಲ ಕಳಚಿ. ಅನಂತರ ಎಂಜಿನ್ ಸ್ಟಾರ್ಟ್ ಮಾಡಿ ಸ್ಟೀರಿಯೊ ಹಾಕಿ. ಕೂಗು ಹಾಗೆಯೇ ಉಳಿದರೆ ತೊಂದರೆ ಆಂಪ್‌ನ ಪವರ್, ಅರ್ತ್ ಅಥವಾ ಸ್ಪೀಕರ್ ವೈರ್‌ಗಳಲ್ಲಿದೆ. ಕೂಗು ನಿಂತರೆ ಮತ್ತೆ ಎಲ್ಲವನ್ನೂ ಆಫ್ ಮಾಡಿ, ಚಾರ್ಜಿಗೆ ಹಾಕದ ಒಂದು ಫೋನನ್ನು ಆಕ್ಸ್‌ನಿಂದ ಆರ್‌ಸಿಎಗೆ ಬರುವ ಗಿಡ್ಡ ವೈರ್‌ನ ಮೂಲಕ ನೇರವಾಗಿ ಆಂಪ್‌ಗೆ ಜೋಡಿಸಿ ಹಾಡು ಹಾಕಿ. ಹಾಡು ಶುಭ್ರವಾಗಿ ಕೇಳಿದರೆ ಆಂಪ್ ನಿರಪರಾಧಿ. ಸ್ಟೀರಿಯೊದ ಅರ್ತ್, ಕೇಬಲ್ ಹೋಗಿರುವ ದಾರಿ ಅಥವಾ ಸ್ಟೀರಿಯೊದ ಆರ್‌ಸಿಎ ಸಾಕೆಟ್, ಈ ಮೂರರಲ್ಲಿ ಒಂದು ಕಾರಣ. ಅರ್ಧ ಗಂಟೆಯ ಈ ಕೆಲಸಕ್ಕೆ ಒಂದು ರೂಪಾಯಿಯ ಬಿಡಿಭಾಗವೂ ಬೇಡ.

ಆಫ್ ಮಾಡಿ ಎಂದು ಒತ್ತಿ ಹೇಳಲು ಕಾರಣವಿದೆ. ಕೆಲವು ಸ್ಟೀರಿಯೊಗಳಲ್ಲಿ ಆರ್‌ಸಿಎ ಸಾಕೆಟ್‌ನ ಹೊರಸುತ್ತನ್ನು ಒಳಗಿನ ಅರ್ತ್‌ಗೆ ಜೋಡಿಸುವುದು ಕೂದಲೆಳೆಯಂಥ ಒಂದು ಸಣ್ಣ ಫ್ಯೂಸ್ ಅಥವಾ ತಾಮ್ರದ ಗೆರೆ. ಪವರ್ ಇರುವಾಗಲೇ ಪಿನ್ ಕಿತ್ತು ಚುಚ್ಚಿದರೆ, ಅಥವಾ ಆಂಪ್‌ನ ಅರ್ತ್ ಕಳಚಿಹೋಗಿ ಅದರ ವಿದ್ಯುತ್ತೆಲ್ಲ ಈ ಜಾಲರಿಯ ಮೂಲಕ ಹಿಂದಿರುಗಲು ಯತ್ನಿಸಿದರೆ, ಆ ಗೆರೆ ಸುಟ್ಟುಹೋಗುತ್ತದೆ. ಅಲ್ಲಿಂದ ಮುಂದೆ ಕೂಗು ಜೋರಾಗಿ, ಬಿಡದೆ ಬರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನೇ ಆತುರದಲ್ಲಿ ಗ್ರಾಹಕರೊಬ್ಬರ ಹೊಸ ಸ್ಟೀರಿಯೊಗೆ ಹೀಗೆ ಮಾಡಿ, ಕಾರಣ ತಿಳಿಯದೆ ಎರಡು ದಿನ ಕಾರು ಬಿಚ್ಚಿ ಹುಡುಕಿದ್ದೇನೆ. ದುರಸ್ತಿಯ ಖರ್ಚನ್ನು ಭರಿಸಿದೆ, ಪಾಠ ಇಂದಿಗೂ ಮರೆತಿಲ್ಲ. ಇದನ್ನು ಪತ್ತೆ ಹಚ್ಚುವುದು ಸುಲಭ: ಆರ್‌ಸಿಎ ಪಿನ್‌ನ ಹೊರಸುತ್ತಿಗೂ ಸ್ಟೀರಿಯೊದ ಲೋಹದ ಕವಚಕ್ಕೂ ನಡುವೆ ಒಂದು ತುಂಡು ವೈರ್ ಮುಟ್ಟಿಸಿ. ಕೂಗು ತಟ್ಟನೆ ಇಳಿದರೆ ಗೆರೆ ಹೋಗಿದೆ ಎಂದೇ ಅರ್ಥ. ಆ ತುಂಡು ವೈರನ್ನೇ ಶಾಶ್ವತವಾಗಿ ಬಿಗಿದು ಕಳುಹಿಸುವವರಿದ್ದಾರೆ. ಕೆಲಸವೇನೋ ನಡೆಯುತ್ತದೆ, ಆದರೆ ಸ್ಟೀರಿಯೊ ವಾರಂಟಿಯಲ್ಲಿದ್ದರೆ ಮೊದಲು ಅದನ್ನು ಬಳಸಿಕೊಳ್ಳಿ.

ನಿಮ್ಮ ಕಾರಿನಲ್ಲಿ ಸಂಶಯಪಡಬೇಕಾದ ಇನ್ನೊಂದು ವಸ್ತು ರಿವರ್ಸ್ ಕ್ಯಾಮೆರಾ. ಅದಕ್ಕೆ ಸಾಮಾನ್ಯವಾಗಿ ಹಿಂದಿನ ರಿವರ್ಸ್ ಲೈಟ್‌ನಿಂದ ಪವರ್ ಮತ್ತು ಅಲ್ಲಿಯೇ ಅರ್ತ್ ಕೊಡುತ್ತಾರೆ. ಅದರ ಹಳದಿ ವಿಡಿಯೊ ಕೇಬಲ್‌ನ ಜಾಲರಿ ಬಂದು ಸ್ಟೀರಿಯೊವನ್ನು ಸೇರುತ್ತದೆ. ಹೀಗೆ ಆಂಪ್ ಇಲ್ಲದ ಕಾರಿನಲ್ಲಿಯೂ ಹಿಂದಿನ ಅರ್ತ್ ಮತ್ತು ಮುಂದಿನ ಅರ್ತ್ ಎರಡೂ ಕೂಡಿಕೊಂಡು ಲೂಪ್ ಆಗುತ್ತದೆ, ರಿವರ್ಸ್ ಗೇರ್ ಹಾಕದಿದ್ದಾಗಲೂ. ಸ್ಟೀರಿಯೊದ ಹಿಂದೆ ಆ ಹಳದಿ ಪಿನ್ ಒಂದನ್ನು ಕಳಚಿ ನೋಡಿ. ಕೂಗು ಕಡಿಮೆಯಾದರೆ ಕ್ಯಾಮೆರಾದ ಅರ್ತ್ ವೈರನ್ನು ಮುಂದಕ್ಕೆ ಎಳೆದು ಸ್ಟೀರಿಯೊದ ಅರ್ತ್ ಇರುವಲ್ಲಿಗೇ ಸೇರಿಸುವುದು ಸರಿಯಾದ ಪರಿಹಾರ.

ಡಿಕ್ಕಿಯ ಅರ್ತ್ ಹೇಗಿರಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಕೂಗು ಇಲ್ಲಿಯೇ ಮುಗಿಯುವ ಸಾಧ್ಯತೆ ಹೆಚ್ಚು. ವೈರ್ ಒಂದೂವರೆ ಅಡಿಗಿಂತ ಉದ್ದವಿರಬಾರದು, ಪಾಸಿಟಿವ್ ವೈರ್‌ನಷ್ಟೇ ದಪ್ಪವಿರಬೇಕು. ಬೋಲ್ಟ್ ಕೂರುವ ಜಾಗದಲ್ಲಿ ಪೇಂಟನ್ನು ಕೆರೆದು ಹೊಳೆಯುವ ತಗಡು ಕಾಣಿಸಬೇಕು. ವೈರ್‌ನ ತುದಿಗೆ ಲೋಹದ ಲಗ್ ಒತ್ತಿ ಬಿಗಿದು (ಕ್ರಿಂಪ್ ಮಾಡಿ), ಹಲ್ಲಿನ ವಾಷರ್ ಹಾಕಿ ಬಿಗಿದ ಮೇಲೆ ಅದರ ಮೇಲೆ ಗ್ರೀಸ್ ಅಥವಾ ಪೇಂಟ್ ಸವರಬೇಕು, ಇಲ್ಲದಿದ್ದರೆ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿದು ಕೂಗು ಹಿಂದಿರುಗುತ್ತದೆ. ಸೀಟ್ ಬೆಲ್ಟ್‌ನ ಬೋಲ್ಟ್ ಸಡಿಲಿಸಿ ಅದರಡಿ ಅರ್ತ್ ಸೇರಿಸುವುದನ್ನು ನೋಡಿದರೆ ದಯವಿಟ್ಟು ತೆಗೆಸಿ. ಅದು ಪ್ರಾಣ ಉಳಿಸುವ ಬೋಲ್ಟ್. ಮಾರುಕಟ್ಟೆಯ ಅಗ್ಗದ ಕಿಟ್‌ಗಳಲ್ಲಿ ಬರುವ ವೈರ್ ಅನೇಕ ಬಾರಿ ತಾಮ್ರದ ಲೇಪದ ಅಲ್ಯೂಮಿನಿಯಂ ಆಗಿದ್ದು, ಅಷ್ಟೇ ದಪ್ಪದ ಶುದ್ಧ ತಾಮ್ರದ ಸುಮಾರು ಮೂರನೇ ಎರಡರಷ್ಟು ಮಾತ್ರ ವಿದ್ಯುತ್ ಸಾಗಿಸಬಲ್ಲುದು. ತುದಿಯನ್ನು ಕೆರೆದರೆ ಬೆಳ್ಳಗೆ ಕಾಣುತ್ತದೆ. ಆರ್‌ಸಿಎ ಕೇಬಲ್ ಪವರ್ ವೈರ್‌ನ ಜೊತೆ ಒಂದೇ ಬದಿಯ ಕಾರ್ಪೆಟ್ ಅಡಿಯಲ್ಲಿ ಮಲಗಿದ್ದರೆ ಅದನ್ನು ಕಾರಿನ ಇನ್ನೊಂದು ಬದಿಗೆ ಹಾಕಿಸಿ. ದಾಟಲೇಬೇಕಾದರೆ ಅಡ್ಡಡ್ಡವಾಗಿ ದಾಟಿಸಲಿ.

ಇನ್ನು ಫಿಲ್ಟರ್. ಇದರಲ್ಲಿ ಎರಡು ಬಗೆ ಇವೆ, ಅಂಗಡಿಗಳಲ್ಲಿ ಎರಡಕ್ಕೂ ಒಂದೇ ಹೆಸರು. ಪವರ್ ವೈರ್‌ಗೆ ಹಾಕುವ ಕಾಯಿಲ್‌ನ ಫಿಲ್ಟರ್ ಸ್ಟೀರಿಯೊಗೆ ಬ್ಯಾಟರಿಯ ಪವರ್ ತರುವ ಹಳದಿ ವೈರ್‌ನಿಂದ ಬರುವ ಅಲೆಗಳನ್ನು ತಡೆಯುತ್ತದೆ. 10 ಆಂಪಿಯರ್‌ನ ಅಂಥ ಫಿಲ್ಟರನ್ನು ಆಂಪ್‌ನ ಪವರ್‌ಗೆ ಹಾಕಿದರೆ ಅದು ಕಾದು ಕರಗುತ್ತದೆ. ಆರ್‌ಸಿಎ ನಡುವೆ ಹಾಕುವ ಐಸೊಲೇಟರ್‌ನಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳಿದ್ದು, ಅವು ಜಾಲರಿಯ ಸಂಪರ್ಕವನ್ನೇ ಕಡಿಯುವುದರಿಂದ ಗ್ರೌಂಡ್ ಲೂಪ್ ನಿಲ್ಲುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಇದನ್ನು ನಾನು ವಿರೋಧಿಸುವುದಿಲ್ಲ. ಆದರೆ ಅಗ್ಗದ ಐಸೊಲೇಟರ್ ಡೋಲು, ತಮಟೆ, ಬೇಸ್ ಗಿಟಾರಿನ ಕೆಳಸ್ವರಗಳನ್ನು ನುಂಗುತ್ತದೆ, ಮತ್ತು ಸಡಿಲ ಅರ್ತ್ ಅದರ ಹಿಂದೆ ಹಾಗೆಯೇ ಬಿಸಿಯಾಗುತ್ತಾ ಉಳಿಯುತ್ತದೆ. ಅರ್ತ್ ಸರಿಪಡಿಸಿದ ಮೇಲೂ ಸ್ವಲ್ಪ ಕೂಗು ಉಳಿದರೆ ಆಗ ಹಾಕಿಸಿ. ದೊಡ್ಡ ಕೆಪಾಸಿಟರ್ ಹಾಕಿಸಲು ಯಾರಾದರೂ ಹೇಳಿದರೆ ನಯವಾಗಿ ನಿರಾಕರಿಸಿ. ಅದಕ್ಕೂ ಲೂಪ್‌ಗೂ ಸಂಬಂಧವಿಲ್ಲ.

‘ಸ್ಸ್’ ಸದ್ದಿಗೆ ಕಾರಣ ಬಹುಮಟ್ಟಿಗೆ ಆಂಪ್‌ನ ಗೇನ್. ಗೇನ್ ಎಂದರೆ ವಾಲ್ಯೂಮ್ ಅಲ್ಲ. ಸ್ಟೀರಿಯೊ ಕೊಡುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಪು ಅದು. ಜೋರಾಗಿ ಕೇಳಲಿ ಎಂದು ಅದನ್ನು ಕೊನೆಯವರೆಗೆ ತಿರುಗಿಸಿ ಕೊಡುವ ರೂಢಿ ಇದೆ. ಅದನ್ನು ಕನಿಷ್ಠಕ್ಕೆ ಇಳಿಸಿ, ನಿಮಗೆ ಚೆನ್ನಾಗಿ ಪರಿಚಯವಿರುವ ಹಾಡೊಂದನ್ನು ಸ್ಟೀರಿಯೊದ ಮುಕ್ಕಾಲು ವಾಲ್ಯೂಮ್‌ನಲ್ಲಿ ಹಾಕಿ, ಗೇನನ್ನು ನಿಧಾನವಾಗಿ ಏರಿಸುತ್ತಾ ಹೋಗಿ. ಸ್ವರ ಒಡೆಯಲು ತೊಡಗಿದಲ್ಲಿಂದ ಸ್ವಲ್ಪ ಹಿಂದಕ್ಕೆ ತಂದು ನಿಲ್ಲಿಸಿ. ‘ಸ್ಸ್’ ಬಹುಪಾಲು ಕರಗುತ್ತದೆ, ಕೂಗು ಕೂಡ ತಗ್ಗುತ್ತದೆ. ಆದರೆ ಕೂಗಿನ ಮೂಲ ಹುಡುಕುವ ಮೊದಲೇ ಇದನ್ನು ಮಾಡಿದರೆ ರೋಗ ಮರೆಯಾಗಿ ಪತ್ತೆ ಕಷ್ಟವಾಗುತ್ತದೆ, ಆದ್ದರಿಂದ ಇದನ್ನು ಆಮೇಲೆ ಮಾಡಿ.

ಫೋನ್ ಮತ್ತು ಚಾರ್ಜರ್‌ನ ಗಲಾಟೆ ಇನ್ನೊಂದು ಪುಟ್ಟ ಗ್ರೌಂಡ್ ಲೂಪ್: ಚಾರ್ಜರ್‌ನ ಅರ್ತ್ ಒಂದು ದಾರಿ, ಆಕ್ಸ್ ವೈರ್‌ನ ಅರ್ತ್ ಇನ್ನೊಂದು. ಚಾರ್ಜರ್ ಕಿತ್ತ ಕ್ಷಣವೇ ಸದ್ದು ಹೋದರೆ ಸಂಶಯವೇ ಬೇಡ. ನಿಮ್ಮ ಆಂಡ್ರಾಯ್ಡ್ ಸ್ಕ್ರೀನ್‌ನಲ್ಲಿ ಬ್ಲೂಟೂತ್ ಇದ್ದೇ ಇರುತ್ತದೆ, ಅದರಲ್ಲಿ ಕೇಳಿ. ವೈರ್‌ನಲ್ಲಿಯೇ ಕೇಳುವ ಇಚ್ಛೆಯಿದ್ದರೆ ಐಸೊಲೇಟರ್‌ಗೆ ತಕ್ಕ ಜಾಗ ಇದು. ನೀವು ಎಫ್‌ಎಂ ಬಗ್ಗೆ ಬರೆದಿಲ್ಲ. ಆದರೂ ಒಮ್ಮೆ 100.6ರಲ್ಲಿ ಮೈಸೂರು ಆಕಾಶವಾಣಿ ಹಾಕಿ ನೋಡಿ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಊರು ನಮ್ಮದು, ಬೆಳಗಿನ ರೇಡಿಯೊ ಇಲ್ಲದೆ ಗಾಡಿ ತೆಗೆಯದವರು ಇಲ್ಲಿ ಇನ್ನೂ ಇದ್ದಾರೆ. ಗೊರಗೊರ ರೇಡಿಯೊದಲ್ಲಿ ಮಾತ್ರ ಬಂದರೆ ಅದು ಅರ್ತ್‌ನದಲ್ಲ: ಅಗ್ಗದ ಯುಎಸ್‌ಬಿ ಚಾರ್ಜರ್ ಅಥವಾ ಡ್ಯಾಶ್‌ಕ್ಯಾಮ್ ಗಾಳಿಯಲ್ಲಿ ಹರಡುತ್ತಿರುವ ಅಡಚಣೆ, ಇಲ್ಲವೇ ಆಂಟೆನಾಗೆ ಪವರ್ ಕೊಡುವ ನೀಲಿ ವೈರನ್ನು ಜೋಡಿಸದೆ ಬಿಟ್ಟಿರುವುದು.

ಅಂಗಡಿಗೆ ಹಿಂದಿರುಗುವಾಗ ಜಗಳಕ್ಕೆ ಹೋಗಬೇಡಿ. ಬ್ಯಾಟರಿಯ ಮೂರು ಅಳತೆಗಳನ್ನೂ ಆರ್‌ಸಿಎ ಕಳಚಿದಾಗ ಏನಾಯಿತೆಂಬುದನ್ನೂ ಒಂದು ಕಾಗದದಲ್ಲಿ ಬರೆದು ತೆಗೆದುಕೊಂಡು ಹೋಗಿ, ಅರ್ತ್ ಎಲ್ಲಿ ಕೊಟ್ಟಿದ್ದೀರಿ ತೋರಿಸಿ ಎಂದು ಕೇಳಿ. ಡ್ಯಾಶ್‌ಬೋರ್ಡ್ ಬಿಚ್ಚುವ ಮುನ್ನ ಬ್ಯಾಟರಿಯ ನೆಗೆಟಿವ್ ತೆಗೆದು ಕೆಲವು ನಿಮಿಷ ಕಾಯಲಿ, ಮತ್ತು ಹಳದಿ ಕಪ್ಲರ್‌ನ ಏರ್‌ಬ್ಯಾಗ್ ವೈರ್‌ಗಳಿಗೆ ಟೆಸ್ಟ್ ಲ್ಯಾಂಪ್ ಚುಚ್ಚದಿರಲಿ. ಸ್ಪೀಕರ್‌ನ ನೆಗೆಟಿವ್ ವೈರನ್ನು ಕಾರಿನ ಬಾಡಿಗೆ ಜೋಡಿಸಿ ನೋಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇಂದಿನ ಸ್ಟೀರಿಯೊಗಳಲ್ಲಿ ಸ್ಪೀಕರ್‌ನ ಎರಡೂ ವೈರ್‌ಗಳಲ್ಲಿ ಸುಮಾರು ಬ್ಯಾಟರಿಯ ಅರ್ಧದಷ್ಟು ವೋಲ್ಟೇಜ್ ಇರುತ್ತದೆ. ಒಂದನ್ನು ಬಾಡಿಗೆ ಮುಟ್ಟಿಸಿದರೆ ಒಳಗಿನ ಐಸಿ ಸುಟ್ಟುಹೋಗಬಹುದು.

ಉಳಿದದ್ದು ಎಡಬಾಗಿಲಿನ ಕರಕರ, ಅದು ವಿದ್ಯುತ್ತಿನ ಗಲಾಟೆಯಲ್ಲದೆಯೂ ಇರಬಹುದು. ಬ್ಯಾಲೆನ್ಸ್ ಅನ್ನು ಪೂರ್ತಿ ಬಲಕ್ಕೆ ತಿರುಗಿಸಿ ಅದೇ ರಸ್ತೆಯಲ್ಲಿ ಓಡಿಸಿ: ಎಡ ಸ್ಪೀಕರ್ ಮೌನವಾಗಿದ್ದರೂ ಕರಕರ ಬಂದರೆ ಅದು ಡೋರ್ ಪ್ಯಾಡ್‌ನ ಮುರಿದ ಕ್ಲಿಪ್ ಅಥವಾ ಬಾಗಿಲ ತಗಡಿಗೆ ಬಡಿಯುವ ವೈರ್. ಹಾಗಲ್ಲದೆ ನಿಂತ ಕಾರಿನಲ್ಲಿ ಹಾಡು ಹಾಕಿ ಬಾಗಿಲನ್ನು ತೆರೆದು ಮುಚ್ಚುವಾಗ ಸ್ವರ ಕಡಿದು ಕಡಿದು ಬಂದರೆ, ಬಾಗಿಲಿಗೂ ಬಾಡಿಗೂ ನಡುವಿನ ರಬ್ಬರ್ ಕೊಳವೆಯಲ್ಲಿ ವೈರ್ ತುಂಡಾಗಿದೆ. ಹತ್ತು ವರ್ಷ ದಾಟಿದ ಕಾರುಗಳಲ್ಲಿ ಇದು ಸಾಮಾನ್ಯ, ಕಬ್ಬಿನ ಗದ್ದೆಗಳ ನಡುವೆ ನಿಲ್ಲುವ ಕಾರುಗಳಲ್ಲಿ ಇಲಿ ಕಡಿದಿರುವುದೂ ಉಂಟು. ಎರಡೂ ಅಲ್ಲವಾದರೆ ಸ್ಪೀಕರ್‌ನ ಕೋನನ್ನು ಎರಡು ಹೆಬ್ಬೆರಳುಗಳಿಂದ ಸಮನಾಗಿ, ಮೃದುವಾಗಿ ಒತ್ತಿ. ಒಳಗೆ ಉಜ್ಜಿದ ಸದ್ದು ಬಂದರೆ ಕಾಯಿಲ್ ತಗುಲುತ್ತಿದೆ, ಎರಡೇ ತಿಂಗಳ ಸ್ಪೀಕರಾದ್ದರಿಂದ ಬದಲಿಸಿಕೊಡಲು ಕೇಳಿ. ಪ್ಯಾಡ್ ಬಿಚ್ಚಿದಾಗ ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ನೋಡುವುದನ್ನು ಮರೆಯಬೇಡಿ. ಸ್ಪೀಕರ್ ಕೂರಿಸುವ ಅವಸರದಲ್ಲಿ ಅದನ್ನು ಹರಿದು ಹಾಗೆಯೇ ಬಿಡುತ್ತಾರೆ. ಗಾಜಿನ ಸಂದಿಯಿಂದ ಇಳಿಯುವ ಮಳೆನೀರು ಆಗ ನೇರವಾಗಿ ಸ್ಪೀಕರ್‌ನ ಹಿಂಬದಿಗೆ ಬೀಳುತ್ತದೆ. ಆಯುಧಪೂಜೆಗೆಂದು ಪೈಪಿನಲ್ಲಿ ನೀರು ಹೊಡೆದು ತೊಳೆದ ಮರುವಾರ ಒಂದೇ ಬಾಗಿಲಿನ ಸ್ಪೀಕರ್ ಕೆಟ್ಟಿತೆಂದು ನನ್ನ ಬಳಿ ಬರುವ ಕಾರುಗಳಲ್ಲಿ ನಾನು ಮೊದಲು ನೋಡುವುದು ಈ ಹಾಳೆಯನ್ನೇ. ಹರಿದಿದ್ದರೆ ಹೊಸದನ್ನು ಕತ್ತರಿಸಿ ಸುತ್ತಲೂ ಅಂಟಿಸಿ, ಕೆಳತುದಿ ಬಾಗಿಲಿನ ತಗಡಿನ ಒಳಕ್ಕೆ ಇಳಿಯುವಂತೆ ಮಾಡಿಸಿದ ಮೇಲೆಯೇ ಪ್ಯಾಡ್ ಮುಚ್ಚಿಸಿ.